ಡೆಮೊ ಕ್ಲಾಸಿಗೆ ನೀನು ಬರಬೇಡ

ಲಿಖಿತಾ,

ಟೀಚರ್ ಕೆಲಸದ ಡೆಮೊ ಕ್ಲಾಸಿಗೆ ಎಂಟು ಗಂಟೆಗೇ ಹೊರಟಿದ್ದೇನೆ. ಬೇಕೆಂದೇ ನಿನ್ನನ್ನು ಎಬ್ಬಿಸಲಿಲ್ಲ. ಹೇಗೂ ರಜ ಹಾಕಿದ್ದೀಯ, ಮಲಗು. ಪದ್ಮನಾಭನಗರದ ಆ ಪ್ಲೇಸ್ಕೂಲಿಗೆ ನನ್ನ ಹಿಂದೆಯೇ ಬಂದುಬಿಡಬೇಡ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಹಾಲು ಕಾಯಿಸಿಲ್ಲ. ಹತ್ತಕ್ಕೆ ಸಿಲಿಂಡರ್ ಬರುತ್ತದೆ, ಓಟಿಪಿ ನಿನ್ನ ಫೋನಿಗೇ ಬರುವುದು. ಸಾಸಿವೆ ಲೋಟದಲ್ಲಿದೆ. ಅದರ ಡಬ್ಬಿಯನ್ನೂ ಒಂದು ಚಮಚವನ್ನೂ ಪಾಠಕ್ಕೆಂದು ತೆಗೆದುಕೊಂಡು ಹೋಗಿದ್ದೇನೆ, ಹುಡುಕಬೇಡ.

ಅಡುಗೆಮನೆ ತುಂಬ ನೀನು ಅಂಟಿಸಿದ್ದ ಇನ್, ಆನ್, ಅಂಡರ್ ಚೀಟಿಗಳನ್ನೆಲ್ಲ ಕಿತ್ತು ಹಾಕಿದೆ. ಸಾಕಾಗಿದೆ ಕಣೇ. ಚಮಚ ಡಬ್ಬಿಯ ಒಳಗಿದೆಯೋ ಮೇಲಿದೆಯೋ ಎಂದು ಒಂದು ತಿಂಗಳಿಂದ ಒಪ್ಪಿಸಿ ಒಪ್ಪಿಸಿ ತಲೆ ಚಿಟ್ಟು ಹಿಡಿದಿದೆ. ನಮ್ಮ ಕನ್ನಡದಲ್ಲಿ ಡಬ್ಬಿ ಮೊದಲು, ಒಳಗೆ ಆಮೇಲೆ. ಇಂಗ್ಲಿಷಿನಲ್ಲಿ ಇನ್ ಮೊದಲು ಬರಬೇಕು. ಅಷ್ಟರಲ್ಲೇ ನನ್ನ ನಾಲಿಗೆ ನಿಂತುಬಿಡುತ್ತದೆ.

ನಿನ್ನೆ, "ನೋಡ್ದ್ಯಾ ಅಮ್ಮ, ಒಂದೂ ತಪ್ಪಿಲ್ಲ! ನಾಳೆ ನಾನೂ ಬಂದು ಹಿಂದೆ ಕೂತಿರ್ತೀನಿ" ಅಂದೆಯಲ್ಲ. ನಿಜ ಹೇಳುತ್ತೇನೆ, ನಾನು ಚಮಚ ನೋಡುತ್ತಲೇ ಇರಲಿಲ್ಲ, ನಿನ್ನ ಹುಬ್ಬು ನೋಡುತ್ತಿದ್ದೆ. ಅದು ಮೇಲೇರಿದರೆ ಆನ್ ಬಿಟ್ಟು ಇನ್ ಅನ್ನುತ್ತಿದ್ದೆ. ನಿನಗೆ ಗೊತ್ತೇ ಆಗಲಿಲ್ಲ. ನಿನ್ನ ಖುಷಿ ನೋಡಿ ಹೇಳಲು ಬಾಯಿ ಬರಲಿಲ್ಲ.

ಇವತ್ತು ಹನ್ನೆರಡು ಮಕ್ಕಳು ನನ್ನ ಮುಖ ನೋಡಿಕೊಂಡು ಕೂತಿರುತ್ತವೆ. ಆಗ ನಾನು ನಿನ್ನ ಮುಖ ಹುಡುಕಬಾರದು. ತಪ್ಪಾದರೆ ಆಗಲಿ, ಅದಾದರೂ ನನ್ನದೇ ಆಗಿರಲಿ.

ಅಮ್ಮ