ಯಾರೂ ಇಳಿಯದ ನೀರು

ಮಾರ್ಚ್ 4, ಬೆಳಗ್ಗೆ

ಝೆರಾಕ್ಸ್ ಮಶೀನ್ ಮತ್ತೆ ಪೇಪರ್ ನುಂಗಿತು. ಎಳೆದು ತೆಗೆದೆ. ಬೆರಳೆಲ್ಲ ಮಸಿ. ಜೌಗು ಉಳಿಸುವ ಸಮಿತಿಗೆ ನಾನೇ ಕಾರ್ಯದರ್ಶಿ — ಯೋಗ್ಯತೆ ನೋಡಿ ಮಾಡಿದ್ದಲ್ಲ, ಅಂಗಡಿಯಲ್ಲಿ ಮಶೀನ್ ಇದೆಯಲ್ಲ, ಅದಕ್ಕೆ. ಅಧ್ಯಕ್ಷರು ರಿಟೈರ್ಡ್ ಮೇಷ್ಟ್ರು. ಭಾಷಣ ಅವರದು, ಪೇಪರ್ ನನ್ನದು.

ನಮ್ಮ ಕೇಸಿನ ವಕೀಲರು ಬಂದಿದ್ದರು. ಗೋಡೌನ್ ಕಟ್ಟಲು ಹೊರಟ ಕಂಪನಿಯ ಹೊಸ ವಾದ: ಜನ ದಿನಾ ಇಳಿದು ಜೊಂಡು ಕೊಯ್ಯುತ್ತಾರೆ, ಹಾಗಾಗಿ ಇದು ಜೌಗೇ ಅಲ್ಲ, ಬಳಕೆಯ ಭೂಮಿ, ಮಣ್ಣು ತುಂಬಬಹುದು. ಎಂಥಾ ತಲೆ ಅಪ್ಪಾ!

"ದಡದಲ್ಲಿರೋರು ಒಬ್ರು ಬಂದು, ಇಲ್ಲಿ ಯಾರೂ ಇಳಿಯಲ್ಲ ಅಂತ ಹೇಳಿದ್ರೆ ಸಾಕು, ಗೆದ್ದ ಹಾಗೆ" ಎಂದರು ವಕೀಲರು.

ದಡದಲ್ಲಿರುವುದು ಒಂದೇ ಮನೆ. ನನ್ನ ಅಕ್ಕನದು. ಮೇಷ್ಟ್ರು ನನ್ನ ಮುಖ ನೋಡಿದರು.

ಮಾರ್ಚ್ 5

ಅಕ್ಕ ಅಂಗಳದಲ್ಲಿ ಚಾಪೆ ಹೆಣೆಯುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಅವಳ ಒಲೆ ಉರಿಯುವುದೇ ಈ ಜೊಂಡಿನಿಂದ. ವಿಷಯ ಹೇಳಿದೆ. ನಕ್ಕುಬಿಟ್ಟಳು.

"ದಿನಾ ಸೊಂಟದ ತನಕ ಮುಳುಗ್ತೀನಿ. ಯಾರೂ ಇಳಿಯಲ್ಲ ಅಂದ್ರೆ ನಾನೇನು ದೆವ್ವಾನೇನೇ?"

"ಮಣ್ಣು ತುಂಬಿದ್ರೆ ಜೊಂಡೇ ಇರಲ್ಲ ಅಕ್ಕಾ. ಒಂದು ದಿನದ ಸುಳ್ಳು ಅಷ್ಟೆ. ಆಮೇಲೆ ಜೀವಮಾನವೆಲ್ಲಾ ಕೊಯ್ಕೋ."

"ಬರೆದುಕೊಟ್ಟ ಹಾಗೆ ಹೇಳ್ತೀಯಲ್ಲ… ಆಯ್ತು ಬಿಡು. ನೀನು ಹೇಳಿದ್ಮೇಲೆ ಇನ್ನೇನು."

ಚಾಪೆಯ ಅಂಚು ಮಡಿಸುತ್ತಾ ಹೇಳಿದಳು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಬರುವ ದಾರಿಯಲ್ಲಿ ಹಾಡು ಗುನುಗಿಕೊಂಡು ಬಂದೆ.

ಮಾರ್ಚ್ 12

ಕೋರ್ಟು ಕಳಿಸಿದ ಸಾಹೇಬರು ಬಂದು ಜಾಗ ನೋಡಿಹೋದರು. ಕುಡುಗೋಲು, ಜೊಂಡಿನ ಕಂತೆ ಎಲ್ಲಾ ನಿನ್ನೆಯೇ ನನ್ನ ಅಂಗಡಿಯ ಹಿಂದೆ ಸಾಗಿಸಿದ್ದೆವು. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು.

"ಯಾರೂ ಇಳಿಯಲ್ವಾ ಇಲ್ಲಿ?"

"ಅಯ್ಯೋ, ಯಾರು ಇಳೀತಾರೆ ಸಾರ್. ಹಕ್ಕಿಗಳು ಬಿಟ್ರೆ ಒಂದು ನರಪಿಳ್ಳೆ ಬರಲ್ಲ."

ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದಳು. ಸಾಹೇಬರು ಬರೆದುಕೊಂಡರು. ಮೇಷ್ಟ್ರು ಕಣ್ಣು ಮಿಟುಕಿಸಿದರು.

ಜೂನ್ 20

ಗೆದ್ದೆವು!! ಸಮಿತಿಯ ಸಭೆಯಲ್ಲಿ ಮೇಷ್ಟ್ರು ಅರ್ಧ ಗಂಟೆ ಮಾತಾಡಿದರು, ಅದರಲ್ಲಿ ಒಮ್ಮೆ ನನ್ನ ಹೆಸರೂ ಬಂತು. ಅಕ್ಕ ಹಿಂದಿನ ಬೆಂಚಿನಲ್ಲಿ ಕೂತು ಜೋರಾಗಿ ಚಪ್ಪಾಳೆ ಹೊಡೆದಳು.

ಆಗಸ್ಟ್ 9

ಜೌಗಿನ ಸುತ್ತ ಸರ್ಕಾರದ ಬೇಲಿ ಬಂತು. ಗೇಟು, ಬೀಗ, ಕಾವಲುಗಾರ. ಬೋರ್ಡು: ಒಳಗೆ ಪ್ರವೇಶವಿಲ್ಲ. ಅಕ್ಕನ ಹಿತ್ತಿಲಿಗೆ ತಾಗಿಕೊಂಡೇ ಮುಳ್ಳುತಂತಿ.

ವಕೀಲರಿಗೆ ಫೋನ್ ಮಾಡಿದೆ. "ಜಾಗ ಉಳೀಬೇಕು ಅಂದ್ರಿ, ಉಳೀತಲ್ಲ ಮೇಡಂ? ಅಲ್ಲಿ ಯಾರೂ ಇಳಿಯಲ್ಲ, ಬೇಲಿಯಿಂದ ಯಾರಿಗೂ ತೊಂದರೆ ಇಲ್ಲ ಅಂತಾನೇ ಆದೇಶ. ನಿಮ್ಮ ಅಕ್ಕಾನೇ ಹೇಳಿರೋದು."

ನಿಮ್ಮ ಅಕ್ಕಾನೇ ಅಂತೆ. ಹೇಳಿಕೊಟ್ಟವರು ಯಾರು, ಇವನ ತಾತನಾ? ಫೋನ್ ಕುಕ್ಕಿದೆ. ಆಮೇಲೆ ಅನಿಸಿತು — ಇವನೂ ನಾನೂ ಸೇರಿಯೇ.

ಸೆಪ್ಟೆಂಬರ್ 2

ಅಕ್ಕ ತಂತಿಯ ಕೆಳಗೆ ನುಸುಳಿ ಸಿಕ್ಕಿಬಿದ್ದಳು. ಕಾವಲುಗಾರ ಕುಡುಗೋಲು ಕಿತ್ತುಕೊಂಡ. ರವಿಕೆ ಹರಿದು ಬೆನ್ನೆಲ್ಲ ಗೀರು. ಎಣ್ಣೆ ಹಚ್ಚಿದೆ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟ್ರ ಹತ್ತಿರ ಓಡಿದೆ. ನಿಜ ಹೇಳಿಬಿಡೋಣ, ಕೊಯ್ಯಲು ಅನುಮತಿ ಕೇಳೋಣ ಎಂದೆ.

"ಕಂಪನಿ ಅಪೀಲು ಹಾಕಿದೆಯಮ್ಮಾ. ಈಗ ಬಾಯಿಬಿಟ್ರೆ ಆ ಹೇಳಿಕೆ ಸುಳ್ಳಾಗುತ್ತೆ, ಕೇಸು ಬಿದ್ದುಹೋಗುತ್ತೆ. ಲಾರಿ ಬಂದು ಮಣ್ಣು ಸುರೀತಾರೆ. ಒಬ್ಬಳ ಚಾಪೆ ನೋಡ್ತೀಯೋ, ಇಡೀ ಜೌಗು ನೋಡ್ತೀಯೋ?"

ಥೂ. ಅವರು ಹೇಳಿದ್ದು ಸರಿಯೂ ಆಗಿತ್ತು, ಅದೇ ಹೊಟ್ಟೆ ಉರಿಸಿದ್ದು.

ನವೆಂಬರ್ 14

ನಾಳೆ ಅಪೀಲಿನ ವಿಚಾರಣೆ. ಅಕ್ಕನನ್ನೂ ಕರೆದಿದ್ದಾರೆ. ಸಂಜೆ ಅಂಗಡಿಗೆ ಬಂದಳು. ಸೊರಗಿದ್ದಾಳೆ. ಕೌಂಟರ್ ಆಚೆಯೇ ನಿಂತಳು.

"ನಾಳೆ ಏನು ಹೇಳ್ಲಿ?"

ಗಿರಾಕಿ ಇದ್ದ. ಅವನ ಪೇಪರ್ ಜೋಡಿಸಿಕೊಟ್ಟೆ. ಚಿಲ್ಲರೆ ಕೊಟ್ಟೆ. ಅವನು ಹೋದ ಮೇಲೂ ಡ್ರಾಯರ್ ಮುಚ್ಚುತ್ತಾ ತೆಗೆಯುತ್ತಾ…

"ಅವತ್ತು ಹೇಳಿದ್ದೇ ಹೇಳು ಅಕ್ಕಾ" ಎಂದೆ.

"ಹೂಂ" ಎಂದಳು. ಹೋದಳು.

ನವೆಂಬರ್ 15

ಕೋರ್ಟಿನ ಗುಮಾಸ್ತ ಮೊದಲು ಹೆಸರು ಕೇಳಿದ. ವಯಸ್ಸು ಕೇಳಿದ. ಆಮೇಲೆ, "ಕಸುಬು?"

ಅಕ್ಕ ತನ್ನ ಅಂಗೈ ನೋಡಿಕೊಂಡಳು.

"ಇಲ್ಲ" ಎಂದಳು.

ಅವನು 'ಇಲ್ಲ' ಎಂದು ಬರೆದುಕೊಂಡ. ಸುಳ್ಳಲ್ಲವಲ್ಲ. ಉಳಿದದ್ದೆಲ್ಲ ನಾನು ಹೇಳಿದ ಹಾಗೇ ಹೇಳಿದಳು. ಕಂಪನಿಯ ವಕೀಲ ಎಷ್ಟು ಕೆದಕಿದರೂ ಅಲ್ಲಾಡಲಿಲ್ಲ. ಅಪೀಲು ವಜಾ. ಮೇಷ್ಟ್ರು ಎಲ್ಲರ ಕೈಕುಲುಕುತ್ತಿದ್ದರು, ನನ್ನದನ್ನೂ ಕುಲುಕಿದರು.

ಅಕ್ಕ ಆಗಲೇ ಬಸ್ ಸ್ಟಾಪಿಗೆ ಹೋಗಿದ್ದಳು. ಓಡಿದೆ. ಪಕ್ಕದಲ್ಲಿ ನಿಂತೆ. ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಏನೇ, ಬಾರೇ, ಕತ್ತೇ ಎಂದು ಕರೆದವಳು —

"ನಿಮ್ಮ ಅಂಗಡೀಲಿ ಗುಡಿಸಿ ಒರೆಸೋ ಕೆಲಸ ಇದ್ರೆ ಹೇಳಿ ಮೇಡಂ" ಎಂದಳು.

ಬಸ್ಸು ಬಂತು. ಹತ್ತಿದಳು. ನಾನು ಅಲ್ಲೇ, ಬಾಗಿಲ ಹತ್ತಿರ, ಕಂಬಿ ಹಿಡಿದುಕೊಂಡು… ಏನು ಹೇಳಿದೆ ಅಂದರೆ, ನಾನು ಅವಳಿಗೆ, "ಒಂದ್ಸಲ ಕತ್ತೇ ಅನ್ನು ಅಕ್ಕಾ" ಎಂದೆ.