ಪ್ಯಾಟರ್ನ್ ಮೇಲೆ ಬರೆಯದ ಅರ್ಧ ಇಂಚು

ಮಾರ್ಚ್ 3, ಬೆಳಿಗ್ಗೆ 6.40

ಹಾಲ್‌ನಲ್ಲಿ ಹನ್ನೆರಡು ಸುತ್ತು. ನಿನ್ನೆ ಹತ್ತು. ಎದೆಯ ಮೂಳೆ ಗರಗಸದಲ್ಲಿ ಕೊಯ್ದು, ಹೃದಯ ರಿಪೇರಿ ಮಾಡಿ, ತಂತಿಯಲ್ಲಿ ಕಟ್ಟಿ ಇವತ್ತಿಗೆ ಹದಿನೇಳು ದಿನ. ಕೆಮ್ಮು ಬಂದರೆ ದಿಂಬು ತಬ್ಬಿಕೊಂಡು ಕೆಮ್ಮಬೇಕಂತೆ. ಆಸ್ಪತ್ರೆಯವರು ಕೊಟ್ಟ ದಿಂಬಿನ ಹೊಲಿಗೆ ನೋಡಿದರೆ ಕೆಮ್ಮಿಗಿಂತ ಮೊದಲು ಸಿಟ್ಟು ಬರುತ್ತೆ. ಎರಡು ಕಡೆ ಬಾಯಿ ಬಿಟ್ಟಿದೆ. ಯಾವ ಪುಣ್ಯಾತ್ಮ ಹೊಲಿದನೋ.

ಮನೆಯವರು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದಾರೆ. ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು. ಕೈ ಮೇಲೆತ್ತಬಾರದು. ತಳ್ಳಬಾರದು, ಎಳೆಯಬಾರದು. ಕೊನೆಗೆ ಡಾಕ್ಟರ್ ಹೇಳದೇ ಇದ್ದದ್ದನ್ನೂ ತಾವೇ ಸೇರಿಸಿದ್ದಾರೆ — ಸಿಟ್ಟು ಮಾಡಿಕೊಳ್ಳಬಾರದು. ಅದನ್ನು ಓದಿದಾಗಲೆಲ್ಲ ಪಿತ್ತ ನೆತ್ತಿಗೇರುತ್ತೆ.

ಮಾರ್ಚ್ 4

ನೀರಿನ ಜಗ್ ಮುಟ್ಟಿದೆ ಅಷ್ಟೇ. ಓಡಿ ಬಂದು ಕಿತ್ತುಕೊಂಡರು.

"ನಾನಿರೋದು ಯಾಕೆ?"

"ಅದನ್ನೇ ನಾನೂ ಮೂವತ್ತು ವರ್ಷದಿಂದ ಕೇಳ್ತಿದ್ದೀನಿ" ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದರು. ಹೋಗಲಿ.

ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಖಾಲಿ ಪುಟ್ಟ ಬಾಟಲಿ ಆರು ಹುಡುಕಿದೆ. ನಲ್ಲಿ ಕೆಳಗಿಟ್ಟು ಒಂದೊಂದೇ ತುಂಬಿಸಿದೆ. ಇನ್ನು ಜಗ್ಗಿನ ಹಂಗಿಲ್ಲ. ಕೋಲಿನ ತುದಿಗೆ ಬಟ್ಟೆ ಕ್ಲಿಪ್ಪು ಕಟ್ಟಿದೆ, ಬಿದ್ದ ಪೆನ್ನು, ಕರ್ಚೀಫು ಬಗ್ಗದೆ ಎತ್ತಬಹುದು. ತಲೆ ಮೇಲಿಂದ ಹಾಕುವ ಅಂಗಿಗಳನ್ನೆಲ್ಲ ಮುಂದೆ ಸೀಳಿ ಗುಂಡಿಪಟ್ಟಿ ಕೂರಿಸುತ್ತಿದ್ದೇನೆ. ಕೈಹೊಲಿಗೆ. ನೂಲು ಕತ್ತರಿಸೋ ಪುಟಾಣಿ ಕತ್ತರಿಯಲ್ಲಿ... ನಮ್ಮ ಟೈಲರಿಂಗ್ ಅಂಗಡಿಯ ದೊಡ್ಡ ಕತ್ತರಿ ಹಿಡಿಯೋಕೆ ಇನ್ನೂ ಎರಡು ತಿಂಗಳು ಬೇಕು ಅಂತಾಳೆ ವ್ಯಾಯಾಮ ಮಾಡಿಸೋ ಫಿಸಿಯೋ. ಎರಡು ತಿಂಗಳು! ಅವಳ ಬಾಯಲ್ಲಿ ಎರಡು ನಿಮಿಷ ಅನ್ನೋ ಹಾಗೆ ಬರುತ್ತೆ.

ಮಾರ್ಚ್ 6, ಮಧ್ಯಾಹ್ನ

ತಂಗಿ ಫೋನ್ ಮಾಡಿದ್ದಳು, ಅಂಗಡಿಯಿಂದ. ಇಪ್ಪತ್ತನಾಲ್ಕು ವರ್ಷದಿಂದ ಅಂಗಡಿ ಅಂದರೆ ನಾವಿಬ್ಬರೇ. ಕಟಿಂಗ್ ನಂದು, ಹೊಲಿಗೆ ಅವಳದು. ನನ್ನ ಟೇಬಲ್ ಹತ್ತಿರ ಅವಳು ಬರಲ್ಲ, ಅವಳ ಮಿಷನ್ ನಾನು ಮುಟ್ಟಲ್ಲ.

ಬ್ಯಾಂಡ್ ತಂಡದ ಕೋಟು, ಇಪ್ಪತ್ತೆರಡು, ಕೆಂಪು. ಇಪ್ಪತ್ತೈದನೇ ತಾರೀಖು ಅವರ ಸ್ಪರ್ಧೆ.

"ಅಕ್ಕ, ಇನ್ನು ಕಾಯೋಕಾಗಲ್ಲ. ನಾನೇ ಕಟ್ ಮಾಡ್ತೀನಿ. ನಿನ್ನ ರಟ್ಟಿನ ಪ್ಯಾಟರ್ನ್ ಇದೆಯಲ್ಲ, ಇಟ್ಟು ಗೆರೆ ಎಳೆದು ಕತ್ತರಿಸಿದ್ರೆ ಆಯ್ತು ತಾನೇ? ಕತ್ತರಿ ಹಿಡಿದು ನೋಡಿದೆ. ಅಂಥ ಕಷ್ಟ ಏನಿಲ್ಲ ಬಿಡು."

ಅಂಥ ಕಷ್ಟ ಏನಿಲ್ಲ! ಮೈಯೆಲ್ಲ ಉರಿದುಹೋಯಿತು. ನನ್ನ ಹೆಬ್ಬೆರಳು ಸೊಟ್ಟ ಆಗಿದೆ ಆ ಕತ್ತರಿ ಹಿಡಿದು ಹಿಡಿದು.

"ಎಲ್ಲ ನಿಂಗೇ ಗೊತ್ತಿದೆಯಲ್ಲ, ಕತ್ತರಿಸ್ಕೋ" ಅಂದೆ. ಫೋನ್ ಇಟ್ಟೆ.

ಮಾರ್ಚ್ 7

ಇಪ್ಪತ್ತು ಸುತ್ತು. ಸಿಟ್ಟಲ್ಲಿ ನಡೆದರೆ ಬೇಗ ಮುಗಿಯುತ್ತೆ. ಫಿಸಿಯೋ ಹೊಗಳಿದಳು.

ಮಾರ್ಚ್ 9, ಸಂಜೆ 5

ತಂಗಿ ಬಂದಿದ್ದಳು, ಚೀಲದಲ್ಲಿ ಒಂದು ಕೋಟು ಹಿಡಿದುಕೊಂಡು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಬ್ಯಾಂಡ್ ಮಾಸ್ಟರ್ ಹಾಕಿ ನೋಡಿದರಂತೆ, ಗುಂಡಿ ಕಾಜಾ ಹತ್ತಿರಕ್ಕೂ ಬರಲಿಲ್ಲವಂತೆ. ಒಂದೇ ಆಗಿದ್ದರೆ ಸರಿ. ಹನ್ನೊಂದು ಪದರ ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸಿದ್ದಾಳೆ. ಹನ್ನೊಂದೂ ಹೋಯಿತು. ಅದೇ ಬಣ್ಣದ ಬಟ್ಟೆ ಇನ್ನು ಸಿಗಲ್ಲ, ಆ ಲಾಟ್ ಮುಗಿದಿದೆ.

ನನ್ನ ಪ್ಯಾಟರ್ನ್‌ನಲ್ಲಿ ಮಾರ್ಜಿನ್ ಇಲ್ಲ. ಹೊಲಿಗೆಗೆ ಬೇಕಾದ ಅರ್ಧ ಇಂಚು ನಾನು ಚಾಕ್ ಹಿಡಿದು ಕಣ್ಣಳತೆಯಲ್ಲೇ ಹೊರಗೆ ಎಳೆಯೋದು. ಅವಳ ಕೈಗೆ ಹೋಗೋದು ಕತ್ತರಿಸಿದ ತುಂಡು, ಅದರಲ್ಲಿ ಮಾರ್ಜಿನ್ ಇದ್ದೇ ಇರುತ್ತೆ. ರಟ್ಟಿನಲ್ಲೂ ಇದೆ ಅಂದುಕೊಂಡಿದ್ದಾಳೆ.

ಕೂಗಾಡಿದೆ. ಕಣ್ಣು ಎಲ್ಲಿಟ್ಟಿದ್ದೆ ಅಂದೆ, ತಲೆಯೊಳಗೆ ಏನಿದೆ ಅಂದೆ. ಮನೆಯವರು "ಎದೆ, ಎದೆ" ಅಂತ ಬಂದರು, ಅವರಿಗೂ ಬೈಗುಳ ಬಿತ್ತು.

"ತಪ್ಪು ನಂದೇ ಅಕ್ಕ. ಮಾರ್ಜಿನ್ ಸೇರಿದೆಯಾ ಅಂತ ನಾನು ಕೇಳಬೇಕಿತ್ತು."

ಕೇಳಬೇಕಿತ್ತು. ಹೌದು ಅಂದೆ.

ಮಾರ್ಚ್ 10, ಮಧ್ಯಾಹ್ನ

ಅಂಗಡಿಗೆ ನಡೆದೇ ಹೋದೆ. ಮನೆಯವರು ಬೇಡ ಅಂದರು, ಕೇಳಲಿಲ್ಲ. ಮಡಚುವ ಕುರ್ಚಿ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಬಂದರು. ದಾರಿಯಲ್ಲಿ ಎರಡು ಸಲ ಅದನ್ನು ಬಿಚ್ಚಬೇಕಾಯಿತು, ಒಮ್ಮೆ ಬ್ಯಾಂಕಿನ ಮುಂದೆ, ಒಮ್ಮೆ ಔಷಧಿ ಅಂಗಡಿ ಮುಂದೆ. ಬ್ಯಾಂಕಿನ ಕಾವಲುಗಾರ ನಾವು ಧರಣಿ ಕೂತಿದ್ದೇವೆ ಅಂದುಕೊಂಡ.

ಕೈಯಲ್ಲಿ ಆಗಲ್ಲ, ಕಣ್ಣಲ್ಲಿ ಆಗುತ್ತೆ. ಕೂತೇ ನೋಡಿದೆ. ಪಕ್ಕದ ಹೊಲಿಗೆ ಬಿಚ್ಚು ಅಂದೆ. ಬಿಚ್ಚಿದ ಜಾಗಕ್ಕೆ ಕಪ್ಪು ಬಟ್ಟೆ, ಎರಡು ಇಂಚು ಪಟ್ಟಿ, ಹೊಲಿದ ಮೇಲೆ ಒಂದು ಇಂಚು ಕಾಣಬೇಕು. ತೋಳಿನ ಅಡಿಯಿಂದ ಹಿಡಿದು ಕಂಕುಳಲ್ಲಿ ಇಳಿದು ಕೆಳಗಿನವರೆಗೆ ಒಂದೇ ಗೆರೆ. ಭುಜಕ್ಕೂ ಅದೇ. ಸ್ಕೇಲಿನಲ್ಲಿ ತೋರಿಸುತ್ತಾ ಹೋದೆ, ತಂಗಿ ಪಿನ್ ಚುಚ್ಚುತ್ತಾ ಹೋದಳು. ಒಂದು ಮುಗಿಸಿ ಮನೆಯವರಿಗೇ ತೊಡಿಸಿದೆವು. ಗುಂಡಿ ಕಾಜಾದಲ್ಲಿ ಕೂತಿತು. ಚೆನ್ನಾಗಿಯೇ ಕಾಣುತ್ತಿತ್ತು, ಹೊಟ್ಟೆ ಬಿಟ್ಟರೆ.

ಇನ್ನು ಉಳಿದ ಹನ್ನೊಂದನ್ನೂ ಬೇಕಂತಲೇ ಅಷ್ಟೇ ಬಿಗಿಯಾಗಿ ಕತ್ತರಿಸಿ ಕಪ್ಪು ಪಟ್ಟಿ ಕೂರಿಸಬೇಕು, ಇಲ್ಲದಿದ್ದರೆ ತಂಡ ಅರ್ಧಂಬರ್ಧ ಕಾಣುತ್ತೆ. ಕತ್ತರಿ ತಗೋ ಅಂದೆ. ತಂಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಬೈದು ಹಿಡಿಸಿದೆ.

ಮಾರ್ಚ್ 18

ವಾರದಿಂದ ಬರೆದಿಲ್ಲ. ಬರೆಯೋಕೆ ಕೂತರೆ ಆರನೇ ತಾರೀಖಿನ ಪುಟ ಕಣ್ಣಿಗೆ ಬೀಳುತ್ತೆ.

"ಕತ್ತರಿಸ್ಕೋ ಅಂದೆ. ಫೋನ್ ಇಟ್ಟೆ." ಅವೆರಡರ ನಡುವೆ ಇದ್ದದ್ದನ್ನು ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲೂ ಕಳ್ಳಾಟ.

ಅರ್ಧ ಇಂಚು ಸೇರಿಸು — ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಒಂದು ಕೋಟು ಕೆಡಲಿ, ಆಗ ನನ್ನ ಬೆಲೆ ಗೊತ್ತಾಗುತ್ತೆ ಅಂದುಕೊಂಡೆ. ಹನ್ನೊಂದು ಕೆಡುತ್ತೆ ಅಂತ ಹೊಳೆಯಲಿಲ್ಲ... ಅದೂ ಸುಳ್ಳು. ಪದರ ಹಾಕದೆ ಕತ್ತರಿಸಿದ್ದು ನಮ್ಮ ಅಂಗಡಿಯಲ್ಲಿ ಯಾವತ್ತು?

ರಟ್ಟಿನ ಮೇಲೆ ಮಾರ್ಜಿನ್ ಹಾಕದೇ ಇದ್ದದ್ದೂ ಮರೆವಲ್ಲ. ಯಾರೂ ನನ್ನ ಪ್ಯಾಟರ್ನ್ ಕದಿಯಬಾರದು ಅಂತ. ಯಾರು ಕದೀತಾರೆ? ಅಂಗಡಿಯಲ್ಲಿರೋದು ನಾವಿಬ್ಬರೇ.

ಇವತ್ತು ತಂಗಿ ಹೇಳಿದಳು: "ಈ ಆರ್ಡರ್ ಮುಗಿದ್ಮೇಲೆ ನಾನು ಕತ್ತರಿ ಮುಟ್ಟಲ್ಲ ಅಕ್ಕ. ನೀನು ಬರೋವರೆಗೂ ರಿಪೇರಿ ಕೆಲಸ ಮಾತ್ರ. ನನ್ನ ಕೈಗೆ ಅದು ಆಗಿಬರಲ್ಲ."

ನನಗೆ ಬೇಕಾಗಿದ್ದು ಇದೇ ತಾನೇ. ಸಿಕ್ಕಿತು. ನನ್ನ ಮೇಲೆ ನನಗೇ ಇಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ಹೇಳಬೇಕು ಅಂತ ಬಾಯಿ ತೆರೆದೆ. ಟೀ ಆರಿತು ಅಂದೆ.

ಮಾರ್ಚ್ 21

ಎಲ್ಲ ಪ್ಯಾಟರ್ನ್ ಮನೆಗೆ ತರಿಸಿಕೊಂಡೆ. ಮೂವತ್ತೆಂಟು ರಟ್ಟು. ಒಂದೊಂದರ ಮೇಲೂ ಕೆಂಪು ಪೆನ್ನಲ್ಲಿ ದಪ್ಪಗೆ ಬರೆದೆ: ಸುತ್ತಲೂ ಅರ್ಧ ಇಂಚು ಬಿಡಬೇಕು. ಎದೆ ನೋಯಿತು. ನೋಯಲಿ. ಬರೆಯೋದು ಸುಲಭ. ಹೇಳೋದು ಇನ್ನೂ ಆಗಿಲ್ಲ.

ಮಾರ್ಚ್ 24, ಬೆಳಿಗ್ಗೆ 11.15, ಅಂಗಡಿಯಲ್ಲೇ

ಒಬ್ಬಳೇ ನಡೆದು ಬಂದೆ. ಎಲ್ಲೂ ಕೂರಲಿಲ್ಲ. ಮೂಲೆಯ ತಗ್ಗು ಕುರ್ಚಿಯಲ್ಲಿದ್ದೇನೆ.

ಬ್ಯಾಂಡ್ ಮಾಸ್ಟರ್ ಕೋಟು ತೊಟ್ಟು ಕನ್ನಡಿ ಮುಂದೆ ತಿರುಗುತ್ತಿದ್ದಾರೆ. ಕಪ್ಪು ಗೆರೆ ಯಾರ ಐಡಿಯಾ ಅಂತ ಕೇಳಿದರು. "ಅಕ್ಕಂದು. ನಾನು ಕೆಡಿಸಿದ್ದೆ ಸಾರ್, ಕೇಳದೆ ಕತ್ತರಿಸಿಬಿಟ್ಟೆ. ಅಕ್ಕ ಆ ಸ್ಥಿತೀಲಿ ಬಂದು ಉಳಿಸಿದ್ಲು." ಅವರು ನನಗೆ ಕೈ ಮುಗಿದರು. ನಾನು ಈ ಪುಸ್ತಕ ತೆರೆದು ಬರೆಯೋ ಹಾಗೆ ತಲೆ ತಗ್ಗಿಸಿದೆ.

ಬಟ್ಟೆ ಅಂಗಡಿಯವರಿಗೂ ಇದನ್ನೇ ಹೇಳಿದ್ದಾಳೆ. ಪಕ್ಕದ ಮನೆಯವರಿಗೂ. ಇನ್ನೊಂದು ಸಲ ಅವಳ ಬಾಯಿಂದ ಈ ಮಾತು ಕೇಳಿದರೆ ಎದೆಯ ತಂತಿ ಕಿತ್ತು ಹೋಗುತ್ತೆ. ಬ್ಯಾಂಡ್ ಮಾಸ್ಟರ್ ಎದುರಿಗೇ ಹೇಳಿಬಿಡಬೇಕು, ನಿಂತುಕೊಂಡು. ಆದರೆ ಕೈ ಊರೋ ಹಾಗಿಲ್ಲ, ಊರದೆ ಈ ಹಾಳು ಕುರ್ಚಿಯಿಂದ ಏಳೋಕಾಗಲ್ಲ. ಎರಡು ಸಲ ನೋಡಿದೆ. ಆಗಲಿಲ್ಲ. ಅವಳೇ ಬಂದು ಎಬ್ಬಿಸಬೇಕು.

ಕರೆದೆ. ಟೇಪು ಕೊರಳಿಗೆ ಹಾಕಿಕೊಂಡು ಬರ್ತಿದ್ದಾಳೆ. ನಗ್ತಾ ಬರ್ತಿದ್ದಾಳೆ, ಅದೇ ಕಷ್ಟ. ಕೈ ಕೊಡೋ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಎಬ್ಬಿಸೋದು, ಬಿಡೋದು ಅವಳ —