ನಾನು ಸತ್ತ ಸುದ್ದಿ

"ಏನ್ರೀ, ನಾನು ಸತ್ತಿದ್ದು ಯಾವಾಗ?" ಎಂದು ಕೇಳಿದರೆ "ವ್ಯಾಪಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ ಕಣೇ" ಎಂದು ಸ್ನಾನಕ್ಕೆ ಹೋದಿರಿ. ನನ್ನ ಮಾತು ಮುಗಿದಿರಲಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೋಸಗಾರನೊಬ್ಬ ಪುಟ್ಟ ಹುಡುಗಿಯನ್ನು ಜೊತೆಗಿಟ್ಟುಕೊಂಡು ಜನರಿಗೆ ಟೋಪಿ ಹಾಕುವ ಆ ಹಳೆಯ ಸಿನಿಮಾ ನೋಡಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನೀವು ಪಾಠ ಕಲಿಯುತ್ತಾ ಕೂತಿದ್ದಿರಿ ಎಂದು ಗೊತ್ತಾಗಲಿಲ್ಲ.

ನೀವು ಮಗಳನ್ನು ಕರೆದುಕೊಂಡು ಮನೆಮನೆಗೆ ಹೊತ್ತು ಮಾರುವ ಮಿಕ್ಸಿ ಕೊಂಡ ಹೆಂಗಸೊಬ್ಬಳು ನಿನ್ನೆ ಅಂಗಡಿಯಲ್ಲಿ ಸಿಕ್ಕಿ, ಮಗಳ ತಲೆ ಸವರಿ, "ಪಾಪ, ತಾಯಿಯಿಲ್ಲದ ಕೂಸು" ಅಂದಳು. ಮಗಳ ಕೈ ಹಿಡಿದು ನಿಂತಿದ್ದವಳು ನಾನೇ. ಮಗಳು ತಕ್ಷಣ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ದಾರಿಯಲ್ಲಿ, "ಅಮ್ಮಾ, ಸರಿಯಾಗಿ ಅತ್ನಾ?" ಎಂದು ಕೇಳಿದಳು. ಎಲ್ಲದಕ್ಕೂ ಸಿಡುಕುವ ನನಗೆ ಆಗ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಮೇಲಿದೆ. ಹಾಲು ಕಾಯಿಸಿದ್ದೇನೆ, ಉಳಿದದ್ದನ್ನು ಮುಚ್ಚಿಡಿ, ಬೆಕ್ಕು ಬಾಯಿ ಹಾಕುತ್ತದೆ. ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೊರಟಿದ್ದೇನೆ. ಹಿಂದೆ ಬರಬೇಡಿ.

ಹೆಂಡತಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಹೊಸ ಸುಳ್ಳು ಹುಡುಕಬೇಡಿ. ಮೊದಲು ಹೇಳಿದ್ದನ್ನೇ ಹೇಳಿ.